ಗಂಜಿ ಹಾಕಿದ ಗಿಡ

"ನಮ್ಮನೇಲಿ ಚೆನ್ನಾಗಿ ಬಿಸಿಲು ಬರುತ್ತೆ ಮಿಸ್," ಅಂದಳು ಕ್ಲಿಪ್ಪು.

ಅಂದ ಮೇಲೆ ಅವಳಿಗೇ ಕಸಿವಿಸಿಯಾಯಿತು. ಸುಳ್ಳೇನಲ್ಲ. ಬಿಸಿಲು ಎಲ್ಲರ ಮನೆಗೂ ಬರುತ್ತದೆ. ಆದರೆ ಅವಳು ಹೇಳಿದ ರೀತಿ ಕೇಳಿದರೆ, ಬಿಸಿಲು ಅವರ ಮನೆಯಲ್ಲೇ ಊಟ ಮಾಡಿ ಅಲ್ಲೇ ಮಲಗುತ್ತದೆ ಅನ್ನಬೇಕು, ಹಾಗಿತ್ತು.

ಮಿಸ್ಸಿನ ಮೇಜಿನ ಮೇಲೆ ಗಿಡ ಕೂತಿತ್ತು. ಉದ್ದುದ್ದ ಎಲೆ. ಎಲೆಯ ಮೇಲೆ ಕಡುಹಸಿರು ಮಚ್ಚೆ, ಯಾರೋ ಬೆರಳಿಗೆ ಬಣ್ಣ ಹಚ್ಚಿಕೊಂಡು ಸಾಲಾಗಿ ಒತ್ತಿದ ಹಾಗೆ. ಎಲೆಯ ಕೆಳಗೆ ಮಾತ್ರ ನೇರಳೆ. ಅಂಚು ನೇರವಾಗಿರಲಿಲ್ಲ. ಅಲೆ ಅಲೆಯಾಗಿತ್ತು. ನಡುವೆ ಒಂದು ಹೊಸ ಎಲೆ, ಇನ್ನೂ ಬಿಚ್ಚಿರಲಿಲ್ಲ. ಪೆನ್ಸಿಲ್ಲಿನ ಹಾಗೆ ಸುರುಳಿ ಸುತ್ತಿಕೊಂಡು ನೆಟ್ಟಗೆ ನಿಂತಿತ್ತು.

"ಅಂಚು ಯಾಕೆ ಮಿಸ್ ಸುಕ್ಕು?" ಅಂತ ಯಾರೋ ಕೇಳಿದ್ದಕ್ಕೆ, "ಅದು ಹಾಗೇ ಇರೋದು," ಅಂದಿದ್ದರು ಮಿಸ್.

ನಾಳೆಯಿಂದ ರಜ. ಸ್ಕೂಲಿಗೆ ಬೀಗ. ಬೀಗ ಹಾಕಿದ ಸ್ಕೂಲಿನಲ್ಲಿ ಗಿಡ ಬದುಕುವುದಿಲ್ಲ. ಯಾರಾದರೂ ಮನೆಗೆ ಒಯ್ಯಬೇಕು.

ಮೊದಲು ಕ್ಲಾಸಿನ ಕೈಗಳೆಲ್ಲ ಮೇಲೆ ಹೋದವು. ಆಮೇಲೆ ಒಬ್ಬಳು ಅತ್ತೆ ಮನೆಗೆ ಹೊರಟಿದ್ದಳು, ಕೈ ಇಳಿಯಿತು. ಇನ್ನೊಬ್ಬನ ಮನೆಯಲ್ಲಿ ಮೇಕೆ ಇತ್ತು. ಅವನ ಕೈಯನ್ನು ಪಕ್ಕದವನೇ ಇಳಿಸಿದ. ಕೊನೆಗೆ ಉಳಿದದ್ದು ಕ್ಲಿಪ್ಪುವಿನದು.

"ಮಿಸ್, ಇವಳಿಗೆ ಬೇಡ," ಅಂತ ಎದ್ದು ನಿಂತ ಲೀಡರ್. ದಪ್ಪ ಕನ್ನಡಕದ ಹುಡುಗ. ಬೋರ್ಡು ಒರೆಸುವ ಡಸ್ಟರು ಅವನ ಕೈಯಲ್ಲಿರುತ್ತಿತ್ತು. ಅಷ್ಟಕ್ಕೇ ಸ್ಕೂಲು ತನ್ನದು ಅಂತ ತಿಳಿದಿದ್ದ. "ಇವರ ಮನೆ ಲಾಂಡ್ರಿ ಮಿಸ್. ಎಲ್ಲಾ ಕಡೆ ಒದ್ದೆ, ಕತ್ತಲು. ಶರ್ಟ್ ತರೋಕೆ ಹೋದ್ರೆ ಉಸಿರು ಕಟ್ಟುತ್ತೆ ಅಂತಾರೆ ನಮ್ಮ ಡ್ಯಾಡಿ. ಗಿಡ ಸತ್ತೋಗುತ್ತೆ."

"ಹಾಗಾದ್ರೆ ನೀನೇ ತಗೊಂಡು ಹೋಗಪ್ಪ," ಅಂದರು ಮಿಸ್.

"ನಮ್ಮ ಮಮ್ಮಿ ಮನೆಯೊಳಗೆ ಮಣ್ಣು ಬೇಡ ಅಂತಾರೆ ಮಿಸ್."

ಆಗ ಕ್ಲಿಪ್ಪು ಹೇಳಿದ್ದು, ಬಿಸಿಲಿನ ಮಾತು.

"ನಮ್ಮ ಮುಂದಿನ ರೂಮಲ್ಲಿ ದೊಡ್ಡ ಕಿಟಕಿ ಇದೆ ಮಿಸ್. ಅಲ್ಲೇ ಇಡ್ತೀನಿ. ಹಿಂದಿನ ರೂಮಿಗೆ ಒಯ್ಯೋದೇ ಇಲ್ಲ."

ಮಿಸ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬೆಲ್ಲು ಹೊಡೆಯಿತು. ರಜದ ಮುಂಚಿನ ಕೊನೆಯ ಬೆಲ್ಲು ಹೊಡೆದ ಮೇಲೆ ಮಿಸ್ಸುಗಳ ಮಾತು ಯಾವ ಮಗುವಿನ ಕಿವಿಗೂ ಬೀಳುವುದಿಲ್ಲ. ಬೆಂಚು ಬಿದ್ದವು, ಬಾಟಲಿ ಉರುಳಿದವು, ಕ್ಲಾಸು ಖಾಲಿಯಾಯಿತು. ಕ್ಲಿಪ್ಪು ಕುಂಡವನ್ನು ಎದೆಗೆ ಅವಚಿಕೊಂಡು ಹೊರಬಿದ್ದಳು.

"ಆ ಸುರುಳಿ ಬಿಚ್ಚದಿದ್ರೆ ನೋಡ್ಕೋ," ಅಂದ ಲೀಡರ್, ಗೇಟಿನ ಹತ್ತಿರ. "ನಾನು ಚೆಕ್ ಮಾಡೋಕೆ ಬರ್ತೀನಿ."

"ಬಾರೋ. ಯಾರು ಬೇಡ ಅಂದ್ರು."

ಬರಬೇಡ ಅನ್ನುವುದೊಂದೇ ಅವಳ ಮನಸ್ಸಿನಲ್ಲಿದ್ದದ್ದು.

*

ಕ್ಲಿಪ್ಪು ಅಂದರೆ ಬಟ್ಟೆಗೆ ಹಾಕುವ ಕ್ಲಿಪ್ಪು. ಅವಳ ಕಾಲರಿನಲ್ಲಿ ಯಾವಾಗಲೂ ಒಂದು ಸಿಕ್ಕಿಕೊಂಡಿರುತ್ತಿತ್ತು. ಮನೆಯಲ್ಲಿ ಹೆಂಗಸರು ಗಂಡಸರು ಎಲ್ಲರ ಮೈಮೇಲೂ ಕ್ಲಿಪ್ಪು ಇರುವುದರಿಂದ ಅದು ಅವಳ ಗಮನಕ್ಕೇ ಬರುತ್ತಿರಲಿಲ್ಲ. ಸ್ಕೂಲಿನವರ ಗಮನಕ್ಕೆ ಬಂತು. ಸ್ಕೂಲಿನವರ ಗಮನಕ್ಕೆ ಇಂಥದ್ದು ಬಾರದೆ ಇನ್ನೇನು ಬರುತ್ತದೆ.

ಅಡುಗೆಮನೆ ಬಿಟ್ಟರೆ ಲಾಂಡ್ರಿಗೆ ಎರಡು ರೂಮು. ಮುಂದಿನದು ಅಪ್ಪನದು. ಇಸ್ತ್ರಿ ಮೇಜು, ಗೋಡೆ ತುಂಬ ಹ್ಯಾಂಗರು, ಬೀದಿಗೆ ತೆರೆದ ದೊಡ್ಡ ಕಿಟಕಿ. ಒಣ ಒಣ, ಗರಿ ಗರಿ. ಗಿರಾಕಿಗಳು ನೋಡುವುದು ಅಷ್ಟೇ.

ಹಿಂದಿನದು ಅಮ್ಮನದು. ಅಲ್ಲಿ ದೊಡ್ಡ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಮೇಲೆ ಹಗ್ಗದಿಂದ ಹಗ್ಗಕ್ಕೆ ಒದ್ದೆ ಬೆಡ್‌ಶೀಟು. ಒಂದೇ ಸಣ್ಣ ಕಿಟಕಿ, ಅದರ ಗಾಜು ಹಬೆಯಿಂದ ಬೆಳ್ಳಗಾಗಿತ್ತು. ಗೋಡೆ ಬೆವರುತ್ತಿತ್ತು. ನಿಜವಾಗಿ ಬೆವರುತ್ತಿತ್ತು, ಕೈ ಇಟ್ಟರೆ ಅಂಗೈ ಒದ್ದೆ. ಆ ರೂಮಿನ ಮೂಲೆಯಲ್ಲಿ ಒಂದು ಸ್ಟೂಲು, ಅದೇ ಕ್ಲಿಪ್ಪು ಓದುವ ಜಾಗ. ಮುಂದಿನ ರೂಮಿನಲ್ಲಿ ಊರವರ ಬಟ್ಟೆಗೇ ಜಾಗ ಸಾಲದು, ಮನೆಯ ಮಗುವಿಗೆಲ್ಲಿ.

ಹಾಗಾಗಿ ಅವಳ ಪುಸ್ತಕಗಳ ಹಾಳೆಯೆಲ್ಲ ತೇವ ಹೀರಿ ಅಲೆ ಅಲೆಯಾಗಿ ಉಬ್ಬುತ್ತಿದ್ದವು. ಒಮ್ಮೆ ಲೀಡರ್ ಅವಳ ವಿಜ್ಞಾನದ ಪುಸ್ತಕ ಎತ್ತಿ ಹಿಡಿದು, "ಇದನ್ನೂ ಒಗೆದಿದಾರೆ ನೋಡ್ರೋ!" ಅಂದಿದ್ದ. ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು. ಅವತ್ತಿನಿಂದ ಕ್ಲಿಪ್ಪು ದಿನಾ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಪುಸ್ತಕಗಳಿಗೆ ಇಸ್ತ್ರಿ ಹಾಕಿಸುತ್ತಿದ್ದಳು. ಮೇಲೊಂದು ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲಗೆ ಒತ್ತಿ.

"ಎಲ್ಲರ ಮಕ್ಕಳು ಪುಸ್ತಕ ಓದ್ತಾರೆ," ಅನ್ನುತ್ತಿದ್ದ ಅಪ್ಪ. "ನಮ್ಮ ಮಗಳು ಇಸ್ತ್ರಿ ಹಾಕಿಸ್ತಾಳೆ." ಅಂದರೂ ಹಾಕಿಕೊಡುತ್ತಿದ್ದ. ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ.

*

ಗಿಡವನ್ನು ಮೇಜಿನ ಮೇಲೆ ಇಟ್ಟ ಕೂಡಲೇ ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಅಂಗಡಿಗೆ ಬಂದ ಯಾವ ವಸ್ತುವನ್ನೂ ಅವನು ಹಾಗೇ ಒಳಗೆ ಬಿಟ್ಟವನಲ್ಲ. ಹರಿದಿದ್ದರೆ, ಗುಂಡಿ ಉದುರಿದ್ದರೆ ಬಂದವರಿಗೆ ಅಲ್ಲೇ ತೋರಿಸುತ್ತಿದ್ದ. ಆಮೇಲೆ ಅವರ ಗುರುತು ಬರೆದ ಚೀಟಿಯನ್ನು ಪಿನ್ನು ಹಾಕಿ ಸಿಕ್ಕಿಸುತ್ತಿದ್ದ.

"ಅಂಚು ಸುಕ್ಕಾಗಿದೆ," ಅಂದ. "ಮೊದಲೇ ಆಗಿತ್ತು ಅಂತ ನಿಮ್ಮ ಮಿಸ್ಸಿಗೆ ಹೇಳಿದೀಯಾ?"

"ಅದು ಹಾಗೇ ಇರೋದಂತೆ ಅಪ್ಪ."

"ಹಾಗಂತ ಗಿರಾಕಿಗಳು ಹೇಳ್ತಾರೆ. ಆಮೇಲೆ ಜಗಳಕ್ಕೆ ಬರ್ತಾರೆ." ಅಪ್ಪ ಒಂದು ಚೀಟಿ ತೆಗೆದು, ಪಿನ್ನು ಹಿಡಿದು ಎಲೆಯ ಹತ್ತಿರ ಹೋದ.

"ಅಪ್ಪಾ! ಎಲೆಗಲ್ಲ! ಕುಂಡಕ್ಕೆ!"

"ಕುಂಡಕ್ಕೆ ಪಿನ್ನು ಹೋಗಲ್ಲ."

ಕೊನೆಗೆ ಚೀಟಿಯನ್ನು ದಾರದಲ್ಲಿ ಕಟ್ಟಿ ಕುಂಡದ ಕೊರಳಿಗೆ ತೂಗುಹಾಕಿದರು. ಗಿಡ ಅಂಗಡಿಯ ವಸ್ತುವಾಯಿತು.

ಅಜ್ಜಿ ಮೂಲೆಯಿಂದ ಎದ್ದು ಬಂದಳು. ಅಜ್ಜಿಯ ಕೆಲಸ ಕಲೆ ತೆಗೆಯುವುದು. ಶಾಯಿ, ಎಣ್ಣೆ, ತುಕ್ಕು, ಯಾವುದಾದರೂ ಸರಿ. ಕಣ್ಣು ಈಗ ಮಂಜಾಗಿತ್ತು. ಆದರೂ ಕಲೆಯೊಂದು ಕಂಡರೆ ಅವಳ ಬೆರಳು ಸುಮ್ಮನಿರುತ್ತಿರಲಿಲ್ಲ. ಎಲೆಯನ್ನು ಮೂಗಿನ ಹತ್ತಿರಕ್ಕೆ ಎಳೆದುಕೊಂಡು ನೋಡಿದಳು.

"ಅಯ್ಯೋ ಪಾಪ. ಎಷ್ಟು ಕಲೆ ಮಾಡಿಟ್ಟಿದಾರೆ."

"ಕಲೆ ಅಲ್ಲ ಅಜ್ಜಿ, ಅದು ಡಿಸೈನು."

"ಡಿಸೈನು," ಅಂದಳು ಅಜ್ಜಿ. ಆ ಮಾತನ್ನು ಅವಳು ಬೇಕಾದಷ್ಟು ಸಲ ಕೇಳಿದ್ದಳು. "ಹಳೇ ಶಾಯಿ ಇದು. ತೆಗೀಬಹುದು."

ಕ್ಲಿಪ್ಪು ಗಿಡವನ್ನು ಕಿತ್ತುಕೊಂಡು ಮುಂದಿನ ಕಿಟಕಿಯಲ್ಲಿ ಇಟ್ಟಳು. ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ. ಮಧ್ಯಾಹ್ನದ ಬಿಸಿಲು ನೇರವಾಗಿ ಬಂದು ಬೀಳುತ್ತಿತ್ತು. ಪಕ್ಕದಲ್ಲೇ ಇಸ್ತ್ರಿಪೆಟ್ಟಿಗೆಯ ಕಾವು. ಇದಕ್ಕಿಂತ ಒಳ್ಳೆಯ ಜಾಗ ಉಂಟೇ ಅಂತ ಅವಳಿಗೆ ಅನ್ನಿಸಿತು.

ಸಂಜೆ ಒಂದು ಸೋಜಿಗ ನಡೆಯಿತು. ಎಲೆಗಳು ಒಂದೊಂದಾಗಿ ಮೇಲೆದ್ದು, ಒಂದಕ್ಕೊಂದು ಒರಗಿ ನಿಂತವು. ನೇರಳೆ ಬಣ್ಣವೆಲ್ಲ ಹೊರಗೆ ಕಂಡಿತು. ಅಪ್ಪ ಪೆಟ್ಟಿಗೆ ಕೆಳಗಿಟ್ಟ.

"ಏನೇ ಇದು?"

"ಮಲಗೋಕೆ ಹೊರಟಿದೆ. ಸಂಜೆ ಎಲೆ ಮಡಚ್ಕೊಳುತ್ತೆ, ಬೆಳಿಗ್ಗೆ ಬಿಚ್ಚುತ್ತೆ ಅಂತ ಮಿಸ್ ಹೇಳಿದ್ರು."

"ತಾನಾಗಿಯೇ ಮಡಚ್ಕೊಳುತ್ತಾ?" ಅಪ್ಪ ಬಹಳ ಹೊತ್ತು ನೋಡಿದ. ಮಡಚಬೇಕಾದ ಬಟ್ಟೆಯ ರಾಶಿಯನ್ನೂ ಒಂದು ಸಲ ನೋಡಿದ. "ಒಳ್ಳೇ ಗಿಡ," ಅಂದ.

*

ಒಳ್ಳೆಯ ಗಿಡ ಕೆಲವೇ ದಿನಗಳಲ್ಲಿ ಕೆಟ್ಟಿತು.

ಮೊದಲು ಎಲೆಗಳು ಒಳಕ್ಕೆ ಸುತ್ತಿಕೊಂಡವು, ಚಳಿಗೆ ಮುದುಡಿದವರ ಹಾಗೆ. ಆಮೇಲೆ ಅಂಚು ಕಂದಾಯಿತು, ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಮಚ್ಚೆಯ ಬಣ್ಣ ಬಿಳಿಚಿತು. ನಡುವಿನ ಸುರುಳಿ ಮಾತ್ರ ಹಾಗೇ ನಿಂತಿತ್ತು, ಬಿಚ್ಚುವ ಯೋಚನೆಯೇ ಇಲ್ಲದೆ.

ಕ್ಲಿಪ್ಪು ನೀರು ಹಾಕಿದಳು. ಇನ್ನೂ ಬಾಡಿತು. ಇನ್ನಷ್ಟು ಬಿಸಿಲು ಬೇಕೇನೋ ಅಂತ ಕಿಟಕಿಯ ತುದಿಗೆ ಸರಿಸಿದಳು. ಇನ್ನೂ ಬಾಡಿತು.

"ಕಲೆ ಬಿಡ್ತಾ ಇದೆ ನೋಡು," ಅಂದಳು ಅಜ್ಜಿ, ಬಿಳಿಚಿದ ಎಲೆ ನೋಡಿ. ಅವಳಿಗೆ ಹುರುಪು ಬಂತು. ಕ್ಲಿಪ್ಪು ಊಟಕ್ಕೆ ಹೋಗಿ ಬರುವುದರೊಳಗೆ ಒಂದು ಎಲೆಯನ್ನು ಮಡಿಲಲ್ಲಿ ಹಾಸಿಕೊಂಡು, ನಿಂಬೆಹಣ್ಣಿನ ಹೋಳಿನಿಂದ ತಿಕ್ಕುತ್ತಾ ಕೂತಿದ್ದಳು.

"ಅಜ್ಜೀ!"

"ಕಿರುಚ್ಬೇಡ. ಅರ್ಧ ಹೋಗಿದೆ."

ಅರ್ಧ ಹೋಗಿತ್ತು. ಮಚ್ಚೆಯಲ್ಲ, ಎಲೆ.

ಕ್ಲಿಪ್ಪು ಅಳಲಿಲ್ಲ. ಮುಖ ಊದಿಸಿಕೊಂಡು ಬೀದಿಯ ಮೆಟ್ಟಿಲ ಮೇಲೆ ಕೂತಳು. ಮನೆಯವರ ಮೇಲೆ ಅವಳಿಗೆ ಇದ್ದ ಸಿಟ್ಟನ್ನು ಹಂಡೆಯ ಕೆಳಗೆ ಹಾಕಿದ್ದರೆ ಎರಡು ದಿನ ನೀರು ಕಾಯುತ್ತಿತ್ತು. ಲೀಡರ್ ಹೇಳಿದ್ದು ನಿಜವಾಗುತ್ತದೆ. ಲಾಂಡ್ರಿಯವರಿಗೆ ಕೊಟ್ಟರೆ ಇಷ್ಟೇ ಅಂತ ಕ್ಲಾಸೇ ಆಡಿಕೊಳ್ಳುತ್ತದೆ. ಇನ್ನು ಮುಂದೆ ಯಾವುದಕ್ಕೂ ಕೈ ಎತ್ತುವ ಹಾಗಿಲ್ಲ, ಎತ್ತಿದರೆ ಯಾರಾದರೂ, "ಗಿಡ ಏನಾಯ್ತು?" ಅನ್ನುತ್ತಾರೆ.

ಮಗಳ ಮುಖ ನೋಡಿ ಅಪ್ಪನಿಗೂ ಸುಮ್ಮನಿರಲಾಗಲಿಲ್ಲ. ಅಪ್ಪಂದಿರು ಇಂಥ ಹೊತ್ತಿನಲ್ಲಿ ಸುಮ್ಮನಿದ್ದರೆ ಎಷ್ಟೋ ಚೆನ್ನಾಗಿರುತ್ತದೆ. ಮರುದಿನ ಬೆಳಿಗ್ಗೆ ಕ್ಲಿಪ್ಪು ಎದ್ದು ಬಂದಾಗ ಗಿಡದ ಎಲೆಗಳೆಲ್ಲ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದವು. ಒಂದೂ ಜೋತಿರಲಿಲ್ಲ. ಪೊಲೀಸರ ಪರೇಡಿನ ಹಾಗೆ.

ಕ್ಲಿಪ್ಪುವಿನ ಜೀವ ಹಗುರಾಯಿತು. "ಅಪ್ಪಾ, ಸರಿಹೋಯ್ತು! ಏನು ಮಾಡ್ದೆ?"

"ಏನಿಲ್ಲ," ಅಂದ ಅಪ್ಪ, ದೊಡ್ಡ ವಿಷಯವೇನಲ್ಲ ಅನ್ನುವ ಹಾಗೆ. "ಜೋತುಬಿದ್ದಿತ್ತಲ್ಲ. ಒಂದೊಂದು ಎಲೆಗೂ ತೆಳ್ಳಗೆ ಗಂಜಿ ಹೊಡೆದೆ."

"ಗಂಜೀನಾ? ಕಾಲರ್‌ಗೆ ಹಾಕೋ ಗಂಜಿ?"

"ಕಾಲರ್‌ಗೆ ದಪ್ಪ ಹಾಕ್ತೀನಿ. ಇದಕ್ಕೆ ತೆಳ್ಳಗೆ."

ಕ್ಲಿಪ್ಪು ಒಂದು ಎಲೆ ಮುಟ್ಟಿದಳು. ಅದು ಟಪ್ಪೆಂದು ಮುರಿಯಿತು. ಅಜ್ಜಿ ತಿಕ್ಕಿದ ಎಲೆಯೇ ಅದು. ಕೈಯಲ್ಲೇ ಉಳಿಯಿತು, ಹೊಸ ಶರ್ಟಿನ ಕಾಲರಿನಷ್ಟು ಗಟ್ಟಿಯಾಗಿ.

ಇಬ್ಬರೂ ಅದನ್ನು ನೋಡಿದರು. ಆಗಲೇ ಎರಡು ಇರುವೆ ಗಂಜಿಯ ವಾಸನೆ ಹಿಡಿದು ಕುಂಡ ಹತ್ತುತ್ತಿದ್ದವು.

"ಬಟ್ಟೆ ಹೀಗೆ ಮುರಿಯಲ್ಲ," ಅಂದ ಅಪ್ಪ. ಇರುವೆಯನ್ನು ಬೆರಳಿನಿಂದ ಕೆಳಗೆ ದೂಡಿ, "ತಪ್ಪಾಯ್ತೇನೋ ಕಣೇ," ಅಂದ.

ಕ್ಲಿಪ್ಪು ಒದ್ದೆ ಬಟ್ಟೆ ತಗೊಂಡು ಒಂದೊಂದೇ ಎಲೆಯ ಗಂಜಿ ಒರೆಸತೊಡಗಿದಳು. ಅಪ್ಪನೂ ಪೆಟ್ಟಿಗೆ ಬಿಟ್ಟು ಬಂದು ಒರೆಸಿದ. ಗಂಜಿ ಹೋದಂತೆಲ್ಲ ಎಲೆಗಳು ಮತ್ತೆ ಒಂದೊಂದಾಗಿ ಜೋತುಬಿದ್ದವು.

*

ಕೊನೆಯ ಎಲೆ ಒರೆಸುತ್ತಿದ್ದಾಗಲೇ ಕಿಟಕಿಯಲ್ಲಿ ಕ್ಲಿಪ್ಪುವಿಗೆ ಒಂದು ದಪ್ಪ ಕನ್ನಡಕ ಕಾಣಿಸಿತು. ರಸ್ತೆಯ ಆಚೆ ಬದಿ. ಕೈಯಲ್ಲಿ ಬಟ್ಟೆಯ ಚೀಲ.

ಕುಂಡವನ್ನು ಎತ್ತಿಕೊಂಡು ಅವಳು ಒಂದೇ ಓಟ. ಅಡುಗೆಮನೆ? ಬಾಗಿಲಿನಿಂದಲೇ ಕಾಣುತ್ತದೆ. ಮೇಜಿನ ಕೆಳಗೆ? ಪಕ್ಕದಲ್ಲೇ ಅಜ್ಜಿ. ಹಿಂದಿನ ರೂಮು. ಅಲ್ಲಿಗೆ ಯಾವ ಗಿರಾಕಿಯೂ ಬರುವುದಿಲ್ಲ. ಬೆಡ್‌ಶೀಟುಗಳನ್ನು ತಳ್ಳಿಕೊಂಡು ನುಗ್ಗಿ, ತನ್ನ ಸ್ಟೂಲಿನ ಮೇಲೆ, ಗೋಡೆಯ ಮೂಲೆಯಲ್ಲಿ ಗಿಡ ಇಟ್ಟು ಓಡಿ ಬಂದಳು. ಹಂಡೆಯ ಹತ್ತಿರ ಇದ್ದ ಅಮ್ಮ ತಿರುಗಿ ನೋಡುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ, ಗಿಡ ಒಂದಿತ್ತು.

"ಗಿಡ ಎಲ್ಲಿ?" ಅಂದ ಲೀಡರ್, ಡ್ಯಾಡಿಯ ಶರ್ಟು ಮೇಜಿನ ಮೇಲೆ ಸುರಿಯುತ್ತಾ.

"ಒಳಗೆ."

"ತಗೊಂಡು ಬಾ, ನೋಡಬೇಕು."

"ಮಲಗಿದೆ."

"ಗಿಡ ಮಲಗುತ್ತಾ?"

"ಇದು ಮಲಗುತ್ತೆ. ಎಲೆ ಮಡಚ್ಕೊಂಡು ಮಲಗುತ್ತೆ. ಮಿಸ್ಸೇ ಹೇಳಿದಾರಲ್ಲ."

"ಅದು ಸಂಜೆ ಕಣೇ. ಈಗ ಬೆಳಿಗ್ಗೆ."

"ರಜ ಅಲ್ವೇನೋ," ಅಂದಳು ಕ್ಲಿಪ್ಪು.

ರಜದಲ್ಲಿ ಲೀಡರೂ ತಡವಾಗಿಯೇ ಏಳುತ್ತಿದ್ದ. ಅಪ್ಪ ಒಂದು ಶರ್ಟು ಎತ್ತಿ, "ಇಲ್ಲಿ ಗುಂಡಿ ಇಲ್ಲ, ನೋಡ್ಕೊ. ಮೊದಲೇ ಇರ್ಲಿಲ್ಲ," ಅಂದ, ಏನೂ ಕೇಳಿಸದವನ ಹಾಗೆ. ಲೀಡರ್ ನೋಡಿಕೊಂಡ. ಹೋಗುವಾಗ ಒಳಬಾಗಿಲಿನ ಕಡೆ ಕತ್ತು ಉದ್ದ ಮಾಡಿದ. ಬಿಳಿ ಬೆಡ್‌ಶೀಟು ಬಿಟ್ಟರೆ ಏನೂ ಕಾಣಲಿಲ್ಲ.

ಅವನು ಹೋದ ಮೇಲೂ ಕ್ಲಿಪ್ಪು ಒಳಗೆ ಹೋಗಲಿಲ್ಲ. ಹೋಗಿ ಏನು ನೋಡುವುದು. ಸತ್ತ ಗಿಡ ಎಲ್ಲಿದ್ದರೇನು. ಹಿಂದಿನ ರೂಮಿಗೆ ಒಯ್ಯುವುದಿಲ್ಲ ಅಂತ ಮಿಸ್ಸಿಗೆ ಕೊಟ್ಟ ಮಾತೂ ಹೋಯಿತು. ರಜವಾದ್ದರಿಂದ ಓದುವುದೂ ಇರಲಿಲ್ಲ. ಸ್ಟೂಲಿನ ಕಡೆ ಅವಳು ತಲೆ ಹಾಕಲೇ ಇಲ್ಲ.

ಕೆಲವು ದಿನ ಕಳೆದ ಮೇಲೆ ಕರೆದದ್ದು ಅಮ್ಮ.

ಅಮ್ಮ ಯಾರನ್ನೂ ಆ ರೂಮಿಗೆ ಕರೆಯುವವಳಲ್ಲ. ಕೆಲಸ ಮಾಡುವಾಗ ಮಾತೂ ಕಡಿಮೆ, ಹಂಡೆಯ ಸದ್ದಿಗೆ ಕೇಳಿಸುವುದೂ ಇಲ್ಲ. ಅವತ್ತು ಬೆಡ್‌ಶೀಟಿನ ಸಂದಿಯಿಂದ ತಲೆ ಹಾಕಿ, "ಕ್ಲಿಪ್ಪೂ, ಇದೇನೇ, ನಿನ್ನ ಗಿಡ ನನ್ನ ಸೊಂಟಕ್ಕೆ ಚುಚ್ತಾ ಇದೆ. ಆಚೆ ಸರಿಸು," ಅಂದಳು.

ಕ್ಲಿಪ್ಪು ಹೋಗಿ ನೋಡಿದಳು.

ಸುತ್ತಿಕೊಂಡಿದ್ದ ಎಲೆಗಳೆಲ್ಲ ಬಿಚ್ಚಿದ್ದವು. ಅಂಚಿನ ಕಂದು ಹಾಗೇ ಇತ್ತು, ಸುಟ್ಟದ್ದು ಸುಟ್ಟಿತ್ತು. ಆದರೆ ಎಲೆ ಅಗಲವಾಗಿ, ತಣ್ಣಗೆ, ಕೈ ಚಾಚಿದ ಹಾಗೆ ನಿಂತಿತ್ತು. ಅದೇ ಅಮ್ಮನ ಸೊಂಟಕ್ಕೆ ತಾಗುತ್ತಿದ್ದದ್ದು. ನಡುವಿನ ಸುರುಳಿ ಒಂದು ಬದಿಯಲ್ಲಿ ಚೂರೇ ಚೂರು ಬಾಯಿ ತೆರೆದಿತ್ತು. ಒಳಗಿನ ಹಸಿರು ಕಾಣುತ್ತಿತ್ತು.

"ಅಮ್ಮ, ಏನು ಮಾಡ್ದೆ ಇದಕ್ಕೆ?"

"ನಾನೇನು ಮಾಡ್ಲಿ. ನನಗೆ ನೂರು ಕೆಲಸ."

ತೊಟ್. ಒಂದು ಹನಿ ಕ್ಲಿಪ್ಪುವಿನ ಮೂಗಿನ ಮೇಲೆ ಬಿತ್ತು. ತಲೆ ಎತ್ತಿದಳು. ಮೇಲೆ ಬೆಡ್‌ಶೀಟುಗಳು ಒಂದರ ಪಕ್ಕ ಒಂದು, ದೊಡ್ಡ ದೊಡ್ಡದಾಗಿ, ಚಾವಣಿಯನ್ನೇ ಮುಚ್ಚಿ ತೂಗುತ್ತಿದ್ದವು. ಅವುಗಳ ಸಂದಿಯಿಂದ ಸಣ್ಣ ಕಿಟಕಿಯ ಬೆಳಕು ಹಾಲಿನ ಹಾಗೆ ಸೋರುತ್ತಿತ್ತು. ಹಂಡೆಯಿಂದ ಬೆಚ್ಚಗಿನ ಹಬೆ ಎದ್ದು ಗೋಡೆ ಹತ್ತಿ, ಹನಿಯಾಗಿ ಇಳಿಯುತ್ತಿತ್ತು. ತೊಟ್. ತೊಟ್.

ಎಲ್ಲೋ ಕೇಳಿದ ಮಾತು ಅವಳ ತಲೆಯಲ್ಲಿ ಮೆಲ್ಲಗೆ ಎದ್ದು ನಿಂತಿತು. ಮಳೆಕಾಡಿನ ಪಾಠ. ಆ ಪಾಠದ ದಿನವೇ ಲೀಡರ್ ಅವಳ ಪುಸ್ತಕ ಎತ್ತಿ ತೋರಿಸಿದ್ದು. ಎಲ್ಲರೂ ನಗುತ್ತಿದ್ದಾಗ ಅವಳು ತಲೆ ತಗ್ಗಿಸಿ, ಉಬ್ಬಿದ ಹಾಳೆಯನ್ನು ಅಂಗೈಯಿಂದ ಒತ್ತಿ ಒತ್ತಿ ಕೂರಿಸುತ್ತಿದ್ದಳು. ಮಿಸ್ ಹೇಳಿದ್ದು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. "ಅಲ್ಲಿ ಮೇಲೆ ದೊಡ್ಡ ಮರಗಳ ಎಲೆ ಎಲ್ಲಾ ಸೇರಿ ಚಾವಣಿ ಆಗಿರುತ್ತೆ. ಕೆಳಗೆ ಬಿಸಿಲೇ ಬೀಳಲ್ಲ, ಮಬ್ಬು. ಯಾವಾಗ್ಲೂ ಬೆಚ್ಚಗೆ, ಯಾವಾಗ್ಲೂ ಒದ್ದೆ. ನಮ್ಮ ಈ ಗಿಡ ಅಲ್ಲಿದು."

ಕ್ಲಿಪ್ಪು ಸುತ್ತ ನೋಡಿದಳು. ಹುಟ್ಟಿದಾಗಿನಿಂದ ನೋಡಿದ ರೂಮು.

"ಅಮ್ಮ, ಇದು ಇಲ್ಲೇ ಇರಲಿ?"

ಅಮ್ಮ ಒಂದು ಬಟ್ಟೆಯನ್ನು ಕೋಲಿನಿಂದ ಎತ್ತಿ ತಿರುವಿದಳು. "ಇರಲಿ ಬಿಡು. ಬಂದೋರು ಯಾರೂ ಈ ರೂಮಲ್ಲಿ ಎರಡು ನಿಮಿಷ ನಿಲ್ಲಲ್ಲ. ಇದಾದ್ರೂ ನಿಂತಿದೆ."

ಆಮೇಲೆ ಅಲ್ಲಿ ಗಿಡಕ್ಕೆ ಯಾರೂ ಏನೂ ಮಾಡಲಿಲ್ಲ. ಮಣ್ಣು ಮುಟ್ಟಿ ನೋಡಿ, ಒಣಗಿದ್ದರೆ ಕ್ಲಿಪ್ಪು ನೀರು ಹಾಕುತ್ತಿದ್ದಳು, ಅಷ್ಟೇ. ಅಪ್ಪ ಆಗಾಗ ಬಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಿ ಹೋಗುತ್ತಿದ್ದ. ಅಜ್ಜಿಯನ್ನು ಮಾತ್ರ ನಿಂಬೆಹಣ್ಣು ಹಿಡಿದು ಒಳಗೆ ಬಿಡುತ್ತಿರಲಿಲ್ಲ.

ಸುರುಳಿ ಒಂದು ಮುಂಜಾನೆ ಪೂರ್ತಿ ಬಿಚ್ಚಿಕೊಂಡಿತು. ಹೊಸ ಎಲೆ, ಹೊಳೆಯುವ ಮಚ್ಚೆ, ಅಂಚು ಅಲೆ ಅಲೆ.

"ಸುಕ್ಕು ಇದಕ್ಕೂ ಇದೆಯಲ್ಲೇ," ಅಂದ ಅಪ್ಪ ಬೆರಗಾಗಿ. "ಹಾಗಾದ್ರೆ ಮಿಸ್ಸು ಹೇಳಿದ್ದು ನಿಜ."

*

ಸ್ಕೂಲು ಶುರುವಾದ ದಿನ ಕ್ಲಿಪ್ಪು ಪುಸ್ತಕಗಳಿಗೆ ಇಸ್ತ್ರಿ ಹಾಕಿಸಿಕೊಂಡು, ಗಿಡ ಎತ್ತಿಕೊಂಡು ಹೋದಳು. ಕ್ಲಾಸು ಗಿಡದ ಸುತ್ತ ಮುತ್ತಿಕೊಂಡಿತು.

"ಸುರುಳಿ ಬಿಚ್ಚಿದೆ!"

"ಕುಂಡದ ಕೊರಳಲ್ಲಿ ಚೀಟಿ ಯಾಕೆ?"

"ಒಂದು ಎಲೆ ಇಲ್ಲ ಮಿಸ್," ಅಂದ ಲೀಡರ್. ಅವನು ಮುಂದೆ ಇದ್ದವರನ್ನೆಲ್ಲ ಸರಿಸಿ, ಕನ್ನಡಕ ಎಲೆಗೆ ತಾಗುವಷ್ಟು ಬಗ್ಗಿದ್ದ. "ಇಲ್ಲಿ ಮುರಿದಿದೆ. ಅಂಚೆಲ್ಲ ಸುಟ್ಟಿದೆ. ಇವಳು ಏನೋ ಮಾಡಿದಾಳೆ."

ಮಿಸ್ ಕ್ಲಿಪ್ಪುವಿನ ಕಡೆ ನೋಡಿದರು. ಕ್ಲಾಸೂ ನೋಡಿತು. ಮೊದಲೇ ಮುರಿದಿತ್ತು ಅನ್ನಬಹುದಿತ್ತು. ಅಂಗಡಿಯ ಮಗಳಿಗೆ ಆ ಮಾತು ಬಾಯಿಪಾಠ. ಆದರೆ ಮೊದಲು ಮುರಿದಿರಲಿಲ್ಲ. ಮುರಿಯದ್ದನ್ನು ಮುರಿದಿತ್ತು ಅಂತ ಅಪ್ಪ ಒಬ್ಬ ಗಿರಾಕಿಗೂ ಹೇಳಿದ್ದನ್ನು ಅವಳು ಕೇಳಿರಲಿಲ್ಲ.

"ಬಿಸಿಲಿಗೆ ಇಟ್ಟೆ ಮಿಸ್, ಅಂಚು ಸುಟ್ಟೋಯ್ತು," ಅಂದಳು. "ಆಮೇಲೆ ನಮ್ಮಜ್ಜಿ ಒಂದು ಎಲೆ ತಿಕ್ಕಿದ್ರು. ಕಲೆ ಅಂದ್ಕೊಂಡು. ಆಮೇಲೆ ನಮ್ಮಪ್ಪ ಗಂಜಿ ಹಾಕಿದ್ರು."

"ಏನು ಹಾಕಿದ್ರು?"

"ಗಂಜಿ ಮಿಸ್. ತೆಳ್ಳಗೆ."

ಕ್ಲಾಸು ಸಿಡಿಯಿತು. ಮೇಕೆ ಹುಡುಗ ನಗುತ್ತಾ ಬೆಂಚಿನಿಂದ ಜಾರಿದ. ಮಿಸ್ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದರು. ತಿರುಗಿದವರು ಮತ್ತೆ ಇತ್ತ ಬರಲು ಸ್ವಲ್ಪ ಹೊತ್ತು ಬೇಕಾಯಿತು.

"ಸರಿ," ಅಂದರು. "ಇಷ್ಟೆಲ್ಲಾ ಆದ ಮೇಲೆ ಬದುಕಿದ್ದು ಹೇಗೆ? ಹೊಸ ಎಲೆ ಎಷ್ಟು ಚೆನ್ನಾಗಿ ಬಂದಿದೆ. ನನ್ನ ಮನೇಲೂ ಹೀಗೆ ಬಂದಿರ್ಲಿಲ್ಲ. ಎಲ್ಲಿಟ್ಟಿದ್ದೆ?"

ಇದು ಗಂಜಿಗಿಂತ ಕಷ್ಟದ ಪ್ರಶ್ನೆ. ಕ್ಲಿಪ್ಪು ಕುಂಡದ ಚೀಟಿಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗಿಸಿದಳು.

"ಹಿಂದಿನ ರೂಮಲ್ಲಿ ಮಿಸ್. ಒದ್ದೆ ಇರುತ್ತಲ್ಲ. ನಾನು ಓದೋ ಜಾಗದಲ್ಲಿ."

"ಅಲ್ಲಿ ಏನಿದೆ?"

"ಏನಿಲ್ಲ ಮಿಸ್. ಮೇಲೆ ಬೆಡ್‌ಶೀಟು. ಹಬೆ. ಬೆಳಕು ಕಮ್ಮಿ. ಮೇಲಿಂದ ತೊಟ್ಟಿಕ್ತಾ ಇರುತ್ತೆ."

ನಗುತ್ತಿದ್ದ ಒಂದಿಬ್ಬರು ಇನ್ನೂ ನಗುತ್ತಲೇ ಇದ್ದರು. ಮಿಸ್ ನಗಲಿಲ್ಲ. ಗಿಡ ನೋಡಿದರು, ತಲೆಯ ಮೇಲೆ ಗರಗರ ತಿರುಗುವ ಫ್ಯಾನು ನೋಡಿದರು. ಬೆಳಿಗ್ಗೆಯಷ್ಟೇ ಬಂದ ಗಿಡದ ಎಲೆ ಆಗಲೇ ಒಳಕ್ಕೆ ಸುತ್ತಿಕೊಳ್ಳಲು ತಯಾರಾಗಿತ್ತು.

"ವಾರವೆಲ್ಲ ಇಲ್ಲಿರಲಿ," ಅಂದರು. "ಶನಿವಾರ ಭಾನುವಾರ ನಿಮ್ಮ ಮನೇಲಿ ಇಟ್ಕೊಳೋಕಾಗುತ್ತಾ? ನಿಮ್ಮ ಅಮ್ಮನ್ನ ಕೇಳು. ಲೀಡರ್, ಕುಂಡ ಭಾರ ಇದೆ. ಒಯ್ಯೋಕೆ ನೀನು ಸಹಾಯ ಮಾಡು."

ಲೀಡರ್ ಡಸ್ಟರನ್ನು ಕೆಳಗಿಟ್ಟ.

*

ಶುಕ್ರವಾರ ಸಂಜೆ ಕುಂಡವನ್ನು ಲೀಡರ್ ಹೊತ್ತು ತಂದ. ಅಂಗಡಿಯ ಒಳಬಾಗಿಲಲ್ಲಿ ನಿಂತ.

"ಇಲ್ಲೇ ಇಡ್ಲಾ?"

"ಒಳಗೆ. ಆ ಸ್ಟೂಲಿನ ಮೇಲೆ."

ಬೆಡ್‌ಶೀಟು ಸರಿಸಿಕೊಂಡು ಅವನು ಒಳಗೆ ಕಾಲಿಟ್ಟ ಕೂಡಲೇ ಅವನ ಕನ್ನಡಕ ಬೆಳ್ಳಗಾಯಿತು. ಏನೂ ಕಾಣದೆ, ಕುಂಡ ಎದೆಗೆ ಅವಚಿಕೊಂಡು, ಗೋಡೆಯ ಹಾಗೆ ನಿಂತ. ಕ್ಲಿಪ್ಪು ಅವನ ತೋಳು ಹಿಡಿದು ಸ್ಟೂಲಿನವರೆಗೆ ನಡೆಸಿದಳು. ಗಿಡ ಕೂತಿತು.

"ಉಸಿರು ಕಟ್ತಿದೆಯಾ?" ಅಂತ ಕೇಳಿದಳು.

ಲೀಡರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದ. ಕನ್ನಡಕವಿಲ್ಲದ ಅವನ ಕಣ್ಣು ಬಹಳ ಸಣ್ಣದಾಗಿತ್ತು. ಒಂದು ಸಲ ಉಸಿರೆಳೆದು ನೋಡಿದ. ಇನ್ನೊಂದು ಸಲ.

"ಇಲ್ಲ," ಅಂದ. "ಸೋಪಿನ ವಾಸನೆ."

ಒಂದು ಹನಿ ಅವನ ತಲೆಯ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ. ಅಮ್ಮ ಹಂಡೆಯ ಕಡೆಯಿಂದ, "ಯಾರೇ ಅದು, ಇನ್ನೂ ನಿಂತಿರೋದು?" ಅಂದಳು.

"ನಮ್ಮ ಕ್ಲಾಸ್ ಲೀಡರ್ ಅಮ್ಮ."

"ನಿಂತಿರಲಿ ಬಿಡು," ಅಂದಳು ಅಮ್ಮ.

ಹೊರಗೆ ಕತ್ತಲಾಗುತ್ತಿತ್ತು. ಎಲೆಗಳು ಒಂದೊಂದಾಗಿ ಮೇಲೆದ್ದವು. ಮಲಗುವ ಗಿಡವನ್ನು ಲೀಡರ್ ಬಗ್ಗಿ ನೋಡುತ್ತಲೇ ಇದ್ದ, ಕನ್ನಡಕ ಇಲ್ಲದ್ದರಿಂದ ಬಹಳ ಹತ್ತಿರದಿಂದ. ಅವನು ಹೋದದ್ದು, "ನಿನ್ನ ಡ್ಯಾಡಿಯ ಶರ್ಟು ಎಲ್ಲಾ ರೆಡಿಯಾಗಿ ಬಹಳ ಹೊತ್ತಾಯ್ತು ಕಣಪ್ಪ," ಅಂತ ಅಪ್ಪ ಮೂರು ಸಲ ಕೂಗಿದ ಮೇಲೆ.

ಆ ಎರಡು ದಿನ ಕ್ಲಿಪ್ಪು ನೆಲದ ಮೇಲೆ, ಸ್ಟೂಲಿನ ಪಕ್ಕ ಕೂತು ಓದಿದಳು.

ಸೋಮವಾರ ಬೆಳಿಗ್ಗೆ ಅಪ್ಪ ಎಂದಿನಂತೆ ಒಂದು ಶರ್ಟನ್ನು ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಜಾಗ ಮಾಡಿದ. ಬಟ್ಟೆ ಹಾಸಿದ. ಕೈ ಚಾಚಿದ.

"ಕೊಡು ಪುಸ್ತಕ. ಪೆಟ್ಟಿಗೆ ಹದವಾಗಿ ಕಾದಿದೆ."

ಕ್ಲಿಪ್ಪು ವಿಜ್ಞಾನದ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದಳು. ಹಾಳೆಗಳೆಲ್ಲ ಉಬ್ಬಿ ಬಂದಿದ್ದವು. ಅಂಚು ಅಲೆ ಅಲೆಯಾಗಿತ್ತು. ಪಕ್ಕದಲ್ಲೇ ಸ್ಕೂಲಿಗೆ ಹೊರಟ ಗಿಡ ಇತ್ತು.

"ಬೇಡ ಅಪ್ಪ."

"ಸುಕ್ಕಾಗಿದೆಯಲ್ಲೇ?"

"ಅದು ಹಾಗೇ ಇರೋದು."

ಅಪ್ಪ ಪುಸ್ತಕ ನೋಡಿದ, ಮಗಳನ್ನು ನೋಡಿದ. ಹಾಸಿದ ಬಟ್ಟೆ ತೆಗೆದ. ಸರಿಸಿಟ್ಟ ಶರ್ಟನ್ನು ಮತ್ತೆ ಎಳೆದುಕೊಂಡ.

ಉಬ್ಬಿದ ಪುಸ್ತಕ ಬ್ಯಾಗಿಗೆ ಹಿಡಿಯಲಿಲ್ಲ. ಝಿಪ್ಪು ಅರ್ಧಕ್ಕೇ ನಿಂತಿತು. ಕ್ಲಿಪ್ಪು ಬ್ಯಾಗಿನ ಮೇಲೆ ಕೂತು ಎಳೆದಳು. ಆದರೂ ಒಂದಿಷ್ಟು ತೆರೆದೇ ಉಳಿಯಿತು. ಕಾಲರಿನಲ್ಲಿದ್ದ ಕ್ಲಿಪ್ಪು ತೆಗೆದು ಅಲ್ಲಿಗೆ ಹಾಕಿ, ಬ್ಯಾಗು ಹೆಗಲಿಗೇರಿಸಿ, ಗಿಡ ಎತ್ತಿಕೊಂಡು ಹೊರಟಳು.